'ಹ್ಯಾಪಿ ಗುಡ್ ಫ್ರೈಡೇ' ಅಂದವರಿಗೆ ಏನು ಹೇಳಲಿ?

ಕಳೆದ ಸಂಚಿಕೆಯಲ್ಲಿ ಮುಂಬೈ ಅಂಧೇರಿಯ ಓದುಗರೊಬ್ಬರು ಕೇಳಿದ್ದರು: "ನಾವು ಉಡುಪಿ ಕಡೆಯ ಕ್ಯಾಥೊಲಿಕರು. ಗುಡ್ ಫ್ರೈಡೇ ಬೆಳಿಗ್ಗೆ ಏಳುವಷ್ಟರಲ್ಲಿ ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಗುಲಾಬಿ ಹೂವಿನ ಜೊತೆ 'ಹ್ಯಾಪಿ ಗುಡ್ ಫ್ರೈಡೇ' ಬಂದಿರುತ್ತದೆ. ಲಿಫ್ಟಿನಲ್ಲಿ ಸಿಕ್ಕವರು ಕೈ ಕುಲುಕುತ್ತಾರೆ. ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನ ಅದು. 'ಸೇಮ್ ಟು ಯೂ' ಅನ್ನಲು ನಾಲಿಗೆ ಏಳುವುದಿಲ್ಲ. ತಿದ್ದಿದರೆ ಅವರಿಗೆ ಬೇಜಾರು. ಏನು ಮಾಡಲಿ?" ಬಂದ ಉತ್ತರಗಳಲ್ಲಿ ಮೂರು ಇಲ್ಲಿವೆ.

ತಂಗಿ, ನಾನು ಮಾಹಿಮ್‌ಗೆ ಬಂದು 31 ವರ್ಷವಾಯಿತು. ಮೊದಲ ನಾಲ್ಕೈದು ವರ್ಷ ನಾನೂ ನಿಮ್ಮ ಹಾಗೆಯೇ ಒಳಗೊಳಗೇ ನೊಂದುಕೊಳ್ಳುತ್ತಿದ್ದೆ. ನನ್ನ ದಾರಿ ಬದಲಾಗಿದ್ದು ಒಂದು ಶ್ರೀಖಂಡದ ಡಬ್ಬಿಯಿಂದ.

ಆ ಗುಡ್ ಫ್ರೈಡೇ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಮೂರರ ಪ್ರಾರ್ಥನೆಗೆ ಬಿಳಿ ಸೀರೆ ಉಟ್ಟು ಹೊರಟಿದ್ದೆ. ಬೆಲ್ ಆಯಿತು. ಎದುರು ಮನೆಯ ಮರಾಠಿ ಕಾಕು (ಚಿಕ್ಕಮ್ಮ) ನಿಂತಿದ್ದರು. ಕೈಯಲ್ಲಿ ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ಒಂದು ಹನಿ ಕೇಸರಿ ಬಣ್ಣ ಇನ್ನೂ ಹಸಿಯಾಗಿತ್ತು. "ಹ್ಯಾಪಿ ಗುಡ್ ಫ್ರೈಡೇ" ಅಂದರು. ಬೆಳಗ್ಗೆಯಿಂದ ನಿಂತು ಮೊಸರು ಸೋಸಿ ಮಾಡಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ನಾನು ಎರಡೂ ಕೈಯಲ್ಲಿ ತಗೊಂಡೆ. "ಕಾಕು, ಇವತ್ತು ನಮಗೆ ಉಪವಾಸ. ಫ್ರಿಜ್‌ನಲ್ಲಿ ಇಟ್ಟಿರುತ್ತೇನೆ, ಭಾನುವಾರ ಈಸ್ಟರ್ ದಿನ ಮಕ್ಕಳ ಜೊತೆ ತಿನ್ನುತ್ತೇವೆ" ಅಂದೆ.

ಉಪವಾಸ ಅನ್ನೋ ಒಂದು ಮಾತು ಸಾಕಾಯಿತು ನೋಡಿ. ಅವರ ಮುಖ ಬದಲಾಯಿತು. ದನಿ ತಗ್ಗಿಸಿ ಕೇಳಿದರು: "ತುಮ್ಹಾಲಾ ಪಣ್ ಉಪವಾಸ್ (ನಿಮಗೂ ಉಪವಾಸವಾ)? ಸಾಬುದಾಣಾ (ಸಬ್ಬಕ್ಕಿ) ನಡೆಯುತ್ತಾ?" ನಡೆಯುತ್ತೆ ಅಂದೆ. ಗುಡ್ ಫ್ರೈಡೇ ದಿನ ನಾವು ಒಂದೇ ಹೊತ್ತು ಹೊಟ್ಟೆ ತುಂಬ ಉಣ್ಣುವುದು, ಮಾಂಸ ಮುಟ್ಟುವುದಿಲ್ಲ, ಅಷ್ಟೇ ನಿಯಮ. ಸಿಹಿ ಬಿಡುವುದು ನಮ್ಮ ಮನೆಯ ರೂಢಿ. ಮುಂದಿನ ವರ್ಷ ಅದೇ ದಿನ ಅದೇ ಡಬ್ಬಿಯಲ್ಲಿ ಸಾಬುದಾಣಾ ಖಿಚಡಿ ಬಂತು. ಹ್ಯಾಪಿ ಅನ್ನಲಿಲ್ಲ. "ಚರ್ಚಿನಿಂದ ಬಂದ ಮೇಲೆ ತಿನ್ನು" ಅಂದರು. 60ಕ್ಕೆ ಕಾಲಿಟ್ಟ ಮೇಲೆ ನಮ್ಮ ಧರ್ಮಸಭೆಯ ಲೆಕ್ಕದಲ್ಲಿ ಉಪವಾಸ ಕಡ್ಡಾಯವಲ್ಲ. ನಾನು ಬಿಟ್ಟಿಲ್ಲ, ಕಾಕು ಖಿಚಡಿ ಕಳಿಸುವುದೂ ಬಿಟ್ಟಿಲ್ಲ.

ಹಾಗಾಗಿ ಮೊದಲು ಕೊಟ್ಟಿದ್ದನ್ನು ತಗೊಳ್ಳಿ. ಆಮೇಲೆ ಅವರ ಮನೆಯಲ್ಲೂ ಇರುವ ಒಂದು ಮಾತಿನಲ್ಲಿ ನಿಮ್ಮ ದಿನವನ್ನು ಹೇಳಿ. ವಾಟ್ಸಾಪ್ ಗ್ರೂಪಿಗೆ ಬೇರೆ ಉಪಾಯ ಇದೆ. ಶುಕ್ರವಾರ ಬೆಳಿಗ್ಗೆಗೆ ಕಾಯಬೇಡಿ, ಗುರುವಾರ ಸಂಜೆಯೇ ನೀವೇ ಬರೆಯಿರಿ: "ನಾಳೆ ಯೇಸು ಪ್ರಾಣ ಕೊಟ್ಟ ದಿನ, ನಮಗೆ ಉಪವಾಸ ಮತ್ತು ಪ್ರಾರ್ಥನೆ. ಭಾನುವಾರ ಈಸ್ಟರ್ ಹಬ್ಬ, ಸಂಜೆ ಎಲ್ಲರೂ ಮನೆಗೆ ಬನ್ನಿ." ಮುಂಚೆಯೇ ಹೇಳಿದರೆ ಯಾರನ್ನೂ ತಿದ್ದಿದ ಹಾಗೆ ಆಗುವುದಿಲ್ಲ.
— ನಿವೃತ್ತ ನರ್ಸ್, ಮಾಹಿಮ್, ಮುಂಬೈ

ನನ್ನ ಕಷ್ಟ ಬೂದಿ ಬುಧವಾರದ್ದು, ಈಸ್ಟರಿಗೆ ಮುಂಚಿನ ನಮ್ಮ ಉಪವಾಸ ಕಾಲ ಶುರುವಾಗುವ ದಿನದ್ದು. ಹಿಂದಿನ ವರ್ಷ ಗರಿಗಳ ಭಾನುವಾರ (ಈಸ್ಟರಿಗೆ ಒಂದು ವಾರ ಮುಂಚಿನ ಭಾನುವಾರ) ಕೊಟ್ಟ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಪಾದ್ರಿಗಳು ಹಣೆಗೆ ಹಚ್ಚುತ್ತಾರೆ. ಮಣ್ಣಿನಿಂದ ಬಂದವನು ಮಣ್ಣಿಗೇ ಹೋಗುತ್ತೀ ಅನ್ನುವುದರ ನೆನಪು ಅದು. 2024ರಲ್ಲಿ ಆ ದಿನ ಸರಿಯಾಗಿ ಫೆಬ್ರವರಿ 14ಕ್ಕೇ ಬಂತು. ಆಫೀಸಿನ ತುಂಬ ಕೆಂಪು ಬಲೂನು. ಒಬ್ಬ ಹುಡುಗಿ "ಸರ್, ಹಣೆಗೆ ಏನೋ ಮಸಿ ಆಗಿದೆ" ಅಂತ ಟಿಶ್ಯೂ ಹಿಡಿದು ಬಂದಳು, ಮತ್ತೊಬ್ಬಳು "ಹ್ಯಾಪಿ ಆಶ್ ವೆಡ್ನೆಸ್‌ಡೇ" ಅಂತ ಗುಲಾಬಿ ಕೊಟ್ಟಳು. ನನಗೆ ಮಾತೇ ಹೊರಡಲಿಲ್ಲ. ಪಕ್ಕದ ಟೇಬಲ್ಲಿನ ಬೆಳಗಾವಿಯ ಅಣ್ಣ ತಲೆ ಎತ್ತಿ, "ನಮ್ಮ ಅಜ್ಜಾರು ಹಚ್ಚಿಕೊಳ್ಳುತ್ತಿದ್ದ ವಿಭೂತಿ ಇದ್ದಂಗ ಅದ ಅದು, ಒರೆಸಬ್ಯಾಡವ್ವಾ" ಅಂದರು. ಟಿಶ್ಯೂ ಒಳಗೆ ಹೋಯಿತು. ಗುಲಾಬಿಯನ್ನು ನಾನು ಇಟ್ಟುಕೊಂಡೆ.

ಎಲ್ಲವನ್ನೂ ನಾವೇ ವಿವರಿಸಬೇಕಿಲ್ಲ. ಅರ್ಥವಾದವರು ಒಬ್ಬರಿದ್ದರೆ ಅವರು ಹೇಳಲಿ, ಅವರ ಬಾಯಿಂದ ಬಂದರೆ ಇನ್ನೂ ಚೆನ್ನ. ಅಂಥವರನ್ನು ಒಬ್ಬರನ್ನು ಹುಡುಕಿಕೊಳ್ಳಿ.
— ಬಂದರು ಕೆಲಸಗಾರ, ವಾಸ್ಕೊ, ಗೋವಾ

ನಾನು ಹ್ಯಾಪಿ ಅನ್ನುತ್ತಿದ್ದವರ ಕಡೆಯಿಂದ ಬರೆಯುತ್ತಿದ್ದೇನೆ. ನಾವು ಧಾರವಾಡದವರು, ಹಿಂದೂಗಳು. ನನ್ನ ಜೊತೆ ಕೆಲಸ ಮಾಡುವ ಮಂಗಳೂರಿನ ಗೆಳತಿಗೆ 11 ವರ್ಷ ತಪ್ಪದೆ "ಹ್ಯಾಪಿ ಗುಡ್ ಫ್ರೈಡೇ" ಕಳಿಸಿದ್ದೇನೆ. ಹೆಸರಿನಲ್ಲೇ ಗುಡ್ ಇದೆ, ನಮ್ಮ ಕ್ಯಾಲೆಂಡರಿನಲ್ಲಿ ಶುಭ ಶುಕ್ರವಾರ ಅಂತ ಇರುತ್ತದೆ, ರಜೆ ಬೇರೆ. ಹಬ್ಬ ಅಂತಲೇ ತಿಳಿದಿದ್ದೆ. ಆ ಗುಡ್‌ಗೆ ಹಳೆಯ ಇಂಗ್ಲಿಷಿನಲ್ಲಿ ಪವಿತ್ರ ಅನ್ನುವ ಅರ್ಥ ಇತ್ತು ಅಂತ ನನಗೆ ಯಾರು ಹೇಳಬೇಕು?

ಒಂದು ವರ್ಷ ಆ ದಿನ ಅವಳ ಜೊತೆ ಇಲ್ಲಿ ಪುಣೆಯ ಕ್ಯಾಂಪ್ ಕಡೆಯ ಚರ್ಚಿಗೆ ಹೋದೆ. ಪೀಠದ ಮೇಲೆ ಬಟ್ಟೆ ಇಲ್ಲ, ಹೂವಿಲ್ಲ, ದೀಪವಿಲ್ಲ. ಗಂಟೆಯೂ ಬಾರಿಸಲಿಲ್ಲ. ಗುರುವಾರ ರಾತ್ರಿ ನಿಂತ ಗಂಟೆ ಮತ್ತೆ ಬಾರಿಸುವುದು ಶನಿವಾರ ರಾತ್ರಿಯ ಪೂಜೆಯಲ್ಲಿ ಅಂತ ಅವಳು ಹೇಳಿದಳು. ಜನ ಸಾಲಾಗಿ ಹೋಗಿ ಶಿಲುಬೆಗೆ ಮುತ್ತಿಡುತ್ತಿದ್ದರು. ನನಗೆ ಅಪ್ಪನ ಶ್ರಾದ್ಧದ ದಿನ ನೆನಪಾಯಿತು. ಮಹಾಲಯ ಅಮಾವಾಸ್ಯೆಗೆ ಯಾರಾದರೂ ನಮಗೆ ಹ್ಯಾಪಿ ಅಂದಿದ್ದರೆ ಹೇಗಿರುತ್ತಿತ್ತು?

ಹೊರಗೆ ಬಂದು ಕೇಳಿದೆ, "ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ?" "ನಿನಗೆ ಬೇಜಾರಾಗುತ್ತೆ ಅಂತ" ಅಂದಳು. ಅವಳು ಹೇಳದೇ ಇದ್ದದ್ದೇ ನನಗೆ ಜಾಸ್ತಿ ಬೇಜಾರಾಯಿತು. ಆದ್ದರಿಂದ ಅಕ್ಕ, ದಯವಿಟ್ಟು ಹೇಳಿ. ಹತ್ತಾರು ಜನರ ಎದುರು ಬೇಡ. ಒಬ್ಬೊಬ್ಬರಿಗೇ, ಚಹಾ ಕುಡಿಯುವಾಗ ಹೇಳಿ. ಹ್ಯಾಪಿ ಬದಲು ಏನು ಹೇಳಬೇಕು ಅಂತಲೂ ಹೇಳಿಕೊಡಿ, ನಮಗೆ ಗೊತ್ತಿರುವುದಿಲ್ಲ. ನನ್ನ ಗೆಳತಿ "ಪ್ರಾರ್ಥನೆಯಲ್ಲಿ ನಮ್ಮನ್ನೂ ನೆನೆಸಿಕೋ ಅಂದರೆ ಸಾಕು" ಅಂದಿದ್ದಾಳೆ. ಈಗ ಅದನ್ನೇ ಕಳಿಸುತ್ತೇನೆ. ನವೆಂಬರ್ 2, ಅವರು ತೀರಿಹೋದವರನ್ನೆಲ್ಲ ನೆನೆಯುವ ದಿನ, ಅವಳು ಅಮ್ಮನ ಸಮಾಧಿಗೆ ಮೇಣದಬತ್ತಿ ಹಚ್ಚಲು ಹೋಗುತ್ತಾಳೆ. ಹಿಂದಿನ ಸಂಜೆಯೇ ನಮ್ಮ ಬಾಲ್ಕನಿಯ ಸೇವಂತಿಗೆ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟು ಬರುತ್ತೇನೆ.
— ಬ್ಯಾಂಕ್ ಉದ್ಯೋಗಿ, ಕೊಥ್ರೂಡ್, ಪುಣೆ