ಇತಿಹಾಸಕಾರರ ಸಂಘಕ್ಕೆ ದೇಣಿಗೆ ಹೇಗೆ ಕೊಟ್ಟರೆ ಒಳ್ಳೆಯದು?

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾಗಿದ್ದೇನೆ. ವಯಸ್ಸು 72. ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್‌ಗೆ ಹಣ ಕೊಡುವ ಆಸೆ. 1884ರಲ್ಲಿ ಹುಟ್ಟಿದ ಸಂಘ. ತರಗತಿಯಲ್ಲಿ ಏನು ಹೇಳಬಾರದು ಅಂತ ರಾಜ್ಯಗಳು ಮಸೂದೆ ತಂದಾಗ ಗಟ್ಟಿಯಾಗಿ ವಿರೋಧಿಸಿತು. ಅದು ನನಗೆ ತುಂಬಾ ದೊಡ್ಡದು. ಸುಮ್ನೆ ಕಾರ್ಡಿನಲ್ಲಿ ಕಟ್ಟಲೇ, ಬೇರೆ ದಾರಿ ಇದೆಯೇ?

ಉತ್ತರ 1: ಮೇಡಂ, ನಿಮಗೆ 70½ ದಾಟಿದೆ ಅಲ್ವಾ? ಐಆರ್‌ಎ ಎಂಬ, ನಿವೃತ್ತಿಗಾಗಿ ನಾವೇ ಕೂಡಿಡುವ ಖಾತೆಯಿಂದಲೇ ಕೊಡಿ. ಆ ಹಣ ನಿಮ್ಮ ತೆರಿಗೆಯ ಆದಾಯಕ್ಕೆ ಸೇರುವುದಿಲ್ಲ. ಆದರೆ ಚೆಕ್ ಸಂಘದ ಹೆಸರಿಗೇ ಇರಬೇಕು. ಮೊದಲು ನಿಮ್ಮ ಬ್ಯಾಂಕ್ ಖಾತೆಗೆ ತೆಗೆದುಕೊಂಡರೆ ಈ ಅನುಕೂಲ ಸಿಗುವುದಿಲ್ಲ. ಸದಸ್ಯತ್ವದ ಶುಲ್ಕವನ್ನು ಮಾತ್ರ ಇದರಲ್ಲಿ ಕಟ್ಟಬೇಡಿ, ಅದು ದೇಣಿಗೆಯಲ್ಲ. ಕೆಲಸ ಕೊಟ್ಟ ಸಂಸ್ಥೆಯ ಮೂಲಕ ಕೂಡಿಡುವ 401ಕೆ ನಿವೃತ್ತಿ ಖಾತೆಯಿಂದ ನೇರವಾಗಿ ಹೀಗೆ ಕೊಡಲು ಬರುವುದಿಲ್ಲ.

ಉತ್ತರ 2: ವರ್ಷಕ್ಕಿಂತ ಹಳೆಯ, ಬೆಲೆ ಏರಿದ ಷೇರುಗಳಿದ್ದರೆ ಮಾರಬೇಡಿ, ಷೇರನ್ನೇ ಕೊಡಿ. ಲಾಭದ ಮೇಲಿನ ತೆರಿಗೆ ಉಳಿಯುತ್ತದೆ. ಕೆಲಸದಲ್ಲಿರುವ ಮಕ್ಕಳು ಕೊಟ್ಟರೆ, ಕೆಲವು ಕಂಪನಿಗಳು ಅಷ್ಟೇ ಮೊತ್ತ ಸೇರಿಸುತ್ತವೆ.

ಉತ್ತರ 3: ವಿಲ್‌ನಲ್ಲೂ ಒಂದು ಪಾಲು ಬರೆಯಬಹುದು. ಈ ಸಂಘ ಇತಿಹಾಸಕಾರ ಬರ್ನಾಡಾಟ್ ಶ್ಮಿಟ್ ಹೆಸರಿನಲ್ಲಿ ಯುರೋಪ್, ಆಫ್ರಿಕಾ, ಏಷ್ಯಾ ಕುರಿತ ಸಂಶೋಧನೆಗೆ ಧನಸಹಾಯ ಕೊಡುತ್ತದೆ. ದಫ್ತರಖಾನೆಗೆ ಹೋಗಲು ಟಿಕೆಟ್ ದುಡ್ಡಿಲ್ಲದ ಸಂಶೋಧಕರಿಗೆ ಇಂಥದ್ದು ಎಷ್ಟು ದೊಡ್ಡ ಆಸರೆ! ದೇಣಿಗೆ ಯಾವ ಕೆಲಸಕ್ಕೆ ಅಂತ ಸಂಘದ ಜೊತೆ ಮೊದಲೇ ಮಾತಾಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆ. ಐಆರ್‌ಎ ದಾರಿಯೇ ಸರಿ. ವಿಲ್ ವಿಷಯ ವಕೀಲರ ಹತ್ತಿರ ಕೇಳುತ್ತೇನೆ.