ಸೀಲ್ ಎಂಜಿನ್ ನಿಯಮ ಬಂತು: ಎಸ್ಟೀಮ್ ಇಟ್ಟುಕೊಳ್ಳಲೇ, ಮಾರಲೇ?

ಕೆರಗೋಡು ಎಸ್ಟೀಮ್:
ನಾನೂ ನನ್ನ ಚಿಕ್ಕಪ್ಪನ ಮಗನೂ ಸೇರಿ ಒಂದು ಹಳೆಯ ಮಾರುತಿ ಎಸ್ಟೀಮ್ ಕಾರು ಕಟ್ಟಿಕೊಂಡು ನಾಲ್ಕು ವರ್ಷದಿಂದ ರೇಸಿನಲ್ಲಿ ಓಡಿಸುತ್ತಿದ್ದೇವೆ. ಮುಂದಿನ ಸೀಸನ್ನಿಗೆ ನಮ್ಮ ವರ್ಗದ ಸಂಘಟಕರು ಖರ್ಚು ಇಳಿಸುವ ಹೆಸರಿನಲ್ಲಿ ನಿಯಮ ಬದಲಿಸಿದ್ದಾರೆ. ಎಂಜಿನ್ ಅವರೇ ಸೀಲ್ ಹಾಕಿ ಕೊಡುತ್ತಾರೆ, ನಾವು ಬಿಚ್ಚಿ ತಿದ್ದುವಂತಿಲ್ಲ, ಟೈರು ಒಂದೇ ಕಂಪನಿಯದು, ಅದೂ ವಾರಾಂತ್ಯಕ್ಕೆ ಆರೇ. ನಮ್ಮ ಎಂಜಿನ್ನಿಗೆ ಹೆಡ್ (ಎಂಜಿನ್ನಿನ ಮೇಲ್ಭಾಗ) ಕೆಲಸ, ಕವಾಟ ತೆರೆಯುವ ಕ್ಯಾಮ್ ಎಲ್ಲ ಸೇರಿ 1.4 ಲಕ್ಷ ಸುರಿದಿದ್ದೆವು, ಅದೀಗ ಗುಜರಿ. ಸೀಲ್ ಎಂಜಿನ್ನಿಗೆ 1.85 ಲಕ್ಷ ಕೇಳುತ್ತಿದ್ದಾರೆ. ಕೈಯಲ್ಲಿ ಇರುವುದು 2.2 ಲಕ್ಷ. ಚಿಕ್ಕಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ. ಹೊಸ ಎಂಜಿನ್ ಹಾಕಲೇ, ಕಾರು ಮಾರಿ ಬೇರೆಯವರ ಕಾರಿನಲ್ಲಿ ಬಾಡಿಗೆ ಸೀಟು ಹಿಡಿಯಲೇ, ಇಲ್ಲ ಒಂದು ವರ್ಷ ಸುಮ್ಮನಿರಲೇ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹೆಬ್ಬಾಳ ಲೇತ್:
ಗುಜರಿ ಎಂದಿರಲ್ಲ, ಆ ಮಾತು ಕೇಳಿ ಹೊಟ್ಟೆ ಉರಿಯಿತು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಹತ್ತೊಂಬತ್ತು ವರ್ಷದಿಂದ ಲೇತ್ ಇಟ್ಟುಕೊಂಡಿದ್ದೇನೆ. ವರ್ಷಕ್ಕೆ ಎಂಟೋ ಹತ್ತೋ ರೇಸಿನ ಹೆಡ್ ಬರುತ್ತಿದ್ದವು, ಗೋಣಿಚೀಲದಲ್ಲಿ ಸುತ್ತಿ ಮೊಪೆಡ್ಡಿನ ಮುಂದೆ ಇಟ್ಟುಕೊಂಡು ಬರುತ್ತಿದ್ದರು. ಪೋರ್ಟ್, ಅಂದರೆ ಹೆಡ್ಡಿನೊಳಗೆ ಗಾಳಿ ಹೋಗುವ ದಾರಿ, ಉಜ್ಜುವುದು ಯಂತ್ರದ ಕೆಲಸ ಎಂದುಕೊಂಡಿದ್ದೀರಾ? ಒಳಗೆ ಕಿರುಬೆರಳು ಹಾಕಿ ನಿಧಾನವಾಗಿ ತಿರುಗಿಸಬೇಕು, ಎಲ್ಲಿ ಏರು, ಎಲ್ಲಿ ತಗ್ಗು ಎಂದು ಚರ್ಮ ಹೇಳುತ್ತದೆ. ಒಂದು ಹೆಡ್‌ಗೆ ಮೂರು ದಿನ. ನಾನು ತೆಗೆದುಕೊಳ್ಳುತ್ತಿದ್ದುದು 18,000. ಇದು ದುಬಾರಿ ಎಂದು ಸೀಲ್ ತಂದರು.

ಆಮೇಲೆ ಏನಾಯಿತು ಹೇಳಲೇ? ನಾನು ಕೆಲಸ ಮಾಡಿಕೊಡುತ್ತಿದ್ದ ಇನ್ನೊಂದು ವರ್ಗದಲ್ಲಿ ಮೂರು ವರ್ಷದ ಹಿಂದೆಯೇ ಸೀಲ್ ಬಂತು. ದುಡ್ಡಿದ್ದವರು ಮೂರು ಮೂರು ಸೀಲ್ ಎಂಜಿನ್ ಕೊಂಡರು, ಮೂರನ್ನೂ ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಕೂರಿಸಿದರು, ಹೆಚ್ಚು ಶಕ್ತಿ ಕೊಟ್ಟದ್ದನ್ನು ಇಟ್ಟುಕೊಂಡು ಉಳಿದೆರಡನ್ನು ಕೆರಗೋಡಿನ ಹುಡುಗರಂಥವರಿಗೆ ಮಾರಿದರು. ನನ್ನ 18,000 ಉಳಿಸಲು ಹೋಗಿ ಐದೂವರೆ ಲಕ್ಷ ಖರ್ಚು ಮಾಡಿಸಿದ ನಿಯಮ ಅದು. ಒಬ್ಬರ ಸೀಲಿನ ತಂತಿ ಕಂಪನಕ್ಕೆ ತಾನಾಗಿಯೇ ತುಂಡಾಯಿತು, ಒಂದು ಸುತ್ತು (ಒಂದು ವಾರಾಂತ್ಯದ ರೇಸು) ನಿಷೇಧ. ತಂತಿ ಬೆಲೆ ನಾಲ್ಕು ರೂಪಾಯಿ.

ಪಾಂಡವಪುರ 27:
ಲೇತ್ ಅಣ್ಣನಿಗೆ ಕೋಪ ಸಹಜ, ಅನ್ನ ಹೋಗಿದೆ. ಆದರೆ ಓಡಿಸುವವರ ಕಡೆಯಿಂದಲೂ ಕೇಳಿ. ನಾನು ಕಾರು ಮಾರಿ ಒಂದೇ ಮಾದರಿ ಕಾರಿನ ಸರಣಿಯಲ್ಲಿ ಬಾಡಿಗೆ ಸೀಟು ಹಿಡಿದೆ. ಒಂದೊಂದು ಸುತ್ತಿಗೂ 1.1 ಲಕ್ಷ, ಜಖಂ ಠೇವಣಿ 1.5 ಲಕ್ಷ. ಮೊದಲ ಸುತ್ತಿನಲ್ಲೇ, ಎರಡನೇ ತಿರುವಿನಲ್ಲಿ, ಹಿಂದಿನವನು ಬ್ರೇಕ್ ಮರೆತು ನನ್ನನ್ನು ಗುದ್ದಿದ. ಠೇವಣಿಯಿಂದ ಕಡಿದದ್ದು ಹೀಗೆ: ಬಂಪರ್ 9,400, ರೇಡಿಯೇಟರ್ 11,200, ಕೆಳಗಿನ ಆರ್ಮ್ 6,850, ಅಲೈನ್‌ಮೆಂಟ್ 2,000, ಕೂಲಂಟ್ 1,150. ರೇಡಿಯೇಟರ್ ಒರೆಸಿದ ಬಟ್ಟೆಗೆ 350! ಗುದ್ದಿದವನಿಗೆ ಒಂದು ಪೈಸೆ ಇಲ್ಲ, ಅವನ ಕಾರಿನ ಮೂತಿಗೆ ಗೀರೂ ಬಿದ್ದಿರಲಿಲ್ಲ. ಅಪ್ಪನ ಆಲೆಮನೆಯ ಬೆಲ್ಲದ ದುಡ್ಡು ಅದು. ಮನೆಯಲ್ಲಿ ಒಂದು ತಿಂಗಳು ಯಾರೂ ನನ್ನೊಂದಿಗೆ ಮಾತನಾಡಲಿಲ್ಲ.

ಆದರೂ ಮೂರನೇ ಸುತ್ತಿನಲ್ಲಿ ನಾಲ್ಕನೆಯವನಾಗಿ ಮುಗಿಸಿದೆ. ನನ್ನ ಸ್ವಂತ ಕಾರಿನಲ್ಲಿ ಏಳು ವರ್ಷದಲ್ಲಿ ಒಮ್ಮೆಯೂ ಮೊದಲ ಹತ್ತರಲ್ಲಿ ಇರಲಿಲ್ಲ. ಅಲ್ಲಿಯವರೆಗೆ ನಾನು ಸೋಲುತ್ತಿದ್ದುದು ಯಾರದೋ ಕಿರುಬೆರಳಿಗೆ ಎಂದು ಈಗ ಗೊತ್ತಾಯಿತು.

ಕುವೆಂಪುನಗರ ಮೇಷ್ಟ್ರು:
ನಾನು ಚೆನ್ನೈ ಹತ್ತಿರದ ಶೋಳಾವರಂ ವಾಯುನೆಲೆಯಲ್ಲಿ ರೇಸು ನಡೆಯುತ್ತಿದ್ದ ಕಾಲದಲ್ಲಿ ಧ್ವಜ ಹಿಡಿದು ನಿಂತವನು, ಆಮೇಲೆ ಮಗನ ರೇಸಿಗಾಗಿ ಭವಿಷ್ಯನಿಧಿ ಮುರಿದವನು. ಆದ್ದರಿಂದ ಮಾತನಾಡುವ ಹಕ್ಕಿದೆ.

ಈ ಜಗಳ ಎಸ್ಟೀಮಿನದಲ್ಲ, ಗ್ರ್ಯಾಂಡ್ ಟೂರಿಂಗ್ (ಜಿಟಿ), ಅಂದರೆ ರಸ್ತೆಯ ಸ್ಪೋರ್ಟ್ಸ್ ಕಾರುಗಳ ರೇಸಿನ ಹುಟ್ಟು ರೋಗ. 1994ರಲ್ಲಿ ಬಾರ್ಟ್, ಪೀಟರ್, ರಾಟೆಲ್ ಎಂಬ ಮೂವರು ಬಿಪಿಆರ್ ಸರಣಿ ಕಟ್ಟಿದಾಗ ರಸ್ತೆಯ ಕಾರನ್ನು ರೇಸಿಗೆ ತಿದ್ದುವುದೇ ಉದ್ದೇಶವಾಗಿತ್ತು. 1997ರಲ್ಲಿ ಅದು ವಿಶ್ವ ಮೋಟಾರ್ ರೇಸಿನ ಒಕ್ಕೂಟದ ಎಫ್‌ಐಎ ಜಿಟಿ ಆಗುವ ಹೊತ್ತಿಗೆ ಎಲ್ಲ ತಲೆಕೆಳಗು. ಪೋರ್ಷೆ, ಮರ್ಸಿಡಿಸ್ ಮೊದಲು ರೇಸ್ ಕಾರು ಕಟ್ಟಿ, ಆಮೇಲೆ ನಿಯಮದ ಹೊಟ್ಟೆ ತುಂಬಿಸಲು ಕೆಲವೇ ಕೆಲವು ರಸ್ತೆಯ ಕಾರು ಮಾಡಿದವು. 1998ರಲ್ಲಿ ಹತ್ತಕ್ಕೆ ಹತ್ತೂ ಸುತ್ತು ಮರ್ಸಿಡಿಸ್ ಗೆದ್ದಿತು. ಮಿಕ್ಕವರು ಗಂಟುಮೂಟೆ ಕಟ್ಟಿದರು. 1999ಕ್ಕೆ ಆ ಕಾರುಗಳ ಜಿಟಿ1 ವರ್ಗವೇ ಇಲ್ಲ. ಅದೇ ರಾಟೆಲ್ 2006ರಲ್ಲಿ ಜಿಟಿ3 ತಂದರು: ಕಂಪನಿ ಕಟ್ಟಿದ ಕಾರನ್ನು ಕೊಂಡು ಓಡಿಸು, ಯಾವುದು ವೇಗವೋ ಅದಕ್ಕೆ ತೂಕ ಹೇರಿ, ಎಂಜಿನ್ನಿಗೆ ಹೋಗುವ ಗಾಳಿಯ ದಾರಿ ಕಿರಿದು ಮಾಡಿ ಸಮ ಮಾಡುತ್ತೇವೆ ಎಂದರು. ಅದೇ ಬಿಒಪಿ (ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್). ಉಳಿದುಕೊಂಡದ್ದು ಅದೊಂದೇ. ಆಮೇಲೆ ಅದೇ ಹೆಸರಿನಲ್ಲಿ ಮತ್ತೆ ಬಂದ ಜಿಟಿ1ಕ್ಕೆ 2010ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಎಂಬ ಕಿರೀಟ ತೊಡಿಸಿದರು, 2012ರಲ್ಲಿ ಅದೇ ಹೆಸರಿನಲ್ಲಿ ಓಡಿದ್ದು ಜಿಟಿ3 ಕಾರುಗಳು, ಅಲ್ಲಿಗೆ ಮುಗಿಯಿತು. ಫ್ರಾನ್ಸಿನ ಲ ಮಾನ್ 24 ಗಂಟೆ ರೇಸಿನ ಜಿಟಿಇ ವರ್ಗ ಕೂಡ 2022ರಲ್ಲಿ ಮುಗಿಯಿತು.

ಶ್ರೀರಂಗಪಟ್ಟಣ 800:
ಮೇಷ್ಟ್ರೇ, ತಪ್ಪು. 2022ಕ್ಕೆ ನಿಂತದ್ದು ವೃತ್ತಿಪರರ ಜಿಟಿಇ ಪ್ರೊ ಮಾತ್ರ. ಅಮೆಚ್ಯೂರ್‌ಗಳ ಜಿಟಿಇ ಆಮ್ 2023ರ ಬಹ್ರೇನ್ ರೇಸಿನ ತನಕ ಓಡಿತು. 2024ರಿಂದ ಅದರ ಜಾಗಕ್ಕೆ ಜಿಟಿ3 ಕಾರುಗಳ ಎಲ್‌ಎಂಜಿಟಿ3 ವರ್ಗ.

ಕುವೆಂಪುನಗರ ಮೇಷ್ಟ್ರು:
ಪ್ರೊ ಹೋದ ಮೇಲೆ ಉಳಿದದ್ದು ಶ್ರಾದ್ಧದ ಊಟ. ನಾನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೆಬ್ಬಾಳ ಲೇತ್:
ಮೇಷ್ಟ್ರಿಗೆ ನಮಸ್ಕಾರ. ತಾವು ಎಂದಾದರೂ ಸ್ಪ್ಯಾನರ್ ಹಿಡಿದಿದ್ದೀರಾ? ಬಿಒಪಿ ಎಲ್ಲರನ್ನೂ ಸಮ ಮಾಡುತ್ತದಂತೆ! ಕಷ್ಟಪಟ್ಟು ವೇಗವಾಗಿ ಕಟ್ಟಿದವನಿಗೆ ತೂಕ ಹೇರುವುದು ಯಾವ ನ್ಯಾಯ? ಚೆನ್ನಾಗಿ ಓದಿದ ಹುಡುಗನ ಅಂಕ ಕಡಿದು ದಡ್ಡನ ಪಕ್ಕದಲ್ಲಿ ಕೂರಿಸುತ್ತಿದ್ದಿರಾ ತಮ್ಮ ಶಾಲೆಯಲ್ಲಿ?

ಪಾಂಡವಪುರ 27:
ಅಂಕ ಕಡಿದದ್ದರಿಂದಲೇ ನಮ್ಮವರಿಗೆ ಬೆಂಚು ಸಿಕ್ಕಿತು, ಅಣ್ಣ. ಜರ್ಮನಿಯ ಕಾರ್ ರೇಸ್ ಸರಣಿ ಡಿಟಿಎಂ ತನ್ನದೇ ದುಬಾರಿ ಕಾರುಗಳಲ್ಲಿ ಓಡುತ್ತಿತ್ತು. ಆಸ್ಟನ್ ಮಾರ್ಟಿನ್ ಒಂದೇ ವರ್ಷಕ್ಕೆ ಬಿಟ್ಟಿತು, 2020 ಮುಗಿಯುತ್ತಲೇ ಆಡಿ ಬಿಟ್ಟಿತು, ಉಳಿದದ್ದು ಬಿಎಂಡಬ್ಲ್ಯು ಒಂದೇ. ಬೇರೆ ದಾರಿಯಿಲ್ಲದೆ 2021ರಲ್ಲಿ ಜಿಟಿ3 ತಂದರು. ಬೆಂಗಳೂರಿನ ಅರ್ಜುನ್ ಮೈನಿ ಮರ್ಸಿಡಿಸ್‌ನಲ್ಲಿ ಅಲ್ಲಿ ಓಡಿದ್ದು ಆ ವರ್ಷವೇ. ಹಳೆಯ ನಿಯಮ ಇದ್ದಿದ್ದರೆ ಆ ಸೀಟು ಇರುತ್ತಿತ್ತೇ?

ಹೆಬ್ಬಾಳ ಲೇತ್:
ಜಿಟಿ3 ಕಾರಿನ ಬೆಲೆ ಕೋಟಿಗಳಲ್ಲಿದೆ. ಇದು ಖರ್ಚು ಇಳಿಸಿದ ಲಕ್ಷಣವೇ? ನಾನು ಇನ್ನು ಮಾತನಾಡುವುದಿಲ್ಲ.

ಶ್ರೀರಂಗಪಟ್ಟಣ 800:
ಕೆರಗೋಡಿನ ತಮ್ಮ, ಎಂಜಿನ್ ವಿಷಯ ಬಿಡು, ಸಣ್ಣ ಅಚ್ಚು ಓದು. ನಾನು ಮಾರುತಿ 800 ಓಡಿಸುತ್ತೇನೆ, 796 ಸಿಸಿ, ಯಾರಿಗೂ ಬೇಡವಾದ ವರ್ಗ. ಆದ್ದರಿಂದ ಯಾರೂ ಅದರ ನಿಯಮ ಕೆಡಿಸುವುದಿಲ್ಲ. ನನ್ನನ್ನು ಮುಳುಗಿಸಿದ್ದು ಸೀಟ್ ಬೆಲ್ಟ್. 2022ರ ನವೆಂಬರ್‌ನಲ್ಲಿ ಒಬ್ಬರಿಂದ ಆರು ಪಟ್ಟಿಯ ಹಾರ್ನೆಸ್ 7,000ಕ್ಕೆ ಕೊಂಡೆ, ಹೊಸದರಂತೆ ಹೊಳೆಯುತ್ತಿತ್ತು. 2023ರ ಮೊದಲ ಸುತ್ತು ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ. ಕಾರನ್ನು 407 ಟೆಂಪೋ ಮೇಲೆ ಏರಿಸಿ ಹೊರಟೆವು. ನಂಜನಗೂಡಿನಲ್ಲಿ ಡ್ರೈವರ್ ಚಹಾಕ್ಕೆ ನಿಲ್ಲಿಸಿದ, ಚಹಾ ಊಟವಾಯಿತು, ಊಟ ನಿದ್ದೆಯಾಯಿತು. ಸತ್ಯಮಂಗಲ ಕಾಡಿನ ದಿಂಬಂ ಘಾಟಿಯಲ್ಲಿ ಸಂಜೆ ಆರಾದ ಮೇಲೆ ಸರಕು ವಾಹನ ಬಿಡುತ್ತಿರಲಿಲ್ಲ. ನಾವು ಗೇಟಿಗೆ ಬಂದದ್ದು 6.20ಕ್ಕೆ. ರಾತ್ರಿಯೆಲ್ಲ ಟೆಂಪೋ ಕೆಳಗೆ ಟಾರ್ಪಾಲು ಹೊದ್ದು ಮಲಗಿದೆವು. ಬೆಳಗ್ಗೆ ಇಳಿಯುವಾಗ ಇಪ್ಪತ್ತೇಳು ಹೇರ್‌ಪಿನ್ ತಿರುವುಗಳಲ್ಲಿ ಎಲ್ಲೋ ನಡುವೆ ಹಗ್ಗ ಸಡಿಲವಾಗಿ ಕಾರು ಒಂದು ಗೇಣು ಹಿಂದೆ ಜರುಗಿತು. ಉಳಿದ ತಿರುವುಗಳಿಗೆಲ್ಲ ನಾನು ಹಿಂದೆ ನಿಂತು ಬಂಪರ್ ತಬ್ಬಿಕೊಂಡಿದ್ದೆ.

ರೇಸಿಗೆ ಮೊದಲಿನ ಕಾರು ತಪಾಸಣೆ ಮುಗಿಯಲು ಇಪ್ಪತ್ತು ನಿಮಿಷ ಇರುವಾಗ ತಲುಪಿದೆ. ಪರಿಶೀಲಕರು ಪಟ್ಟಿ ಮಗುಚಿ ಚೀಟಿ ತೋರಿಸಿದರು: 2022ರ ನಂತರ ಚಲಾವಣೆ ಇಲ್ಲ. ಹಾರ್ನೆಸ್‌ಗೆ ಐದು ವರ್ಷ ಆಯುಸ್ಸು ಎಂದು ಮಾರಿದವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅಲ್ಲೇ 24,500 ಕೊಟ್ಟು ಹೊಸದು ಕೊಂಡೆ. ಗೆದ್ದ ಬಹುಮಾನ 3,000.

ಗುಂಡ್ಲುಪೇಟೆ ವಾಸಿ:
ರಾತ್ರಿ ಗೇಟು ಹಾಕುವುದನ್ನು ದೂರುತ್ತಿದ್ದೀರಿ. ಆ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ ಪ್ರಾಣಿಗಳನ್ನು ನೋಡಿದ್ದೀರಾ? ಆನೆಗೆ ನಿಮ್ಮ ತಪಾಸಣೆಯ ಸಮಯ ಗೊತ್ತಿರುತ್ತದೆಯೇ?

ಶ್ರೀರಂಗಪಟ್ಟಣ 800:
ನಾನು ಆನೆಯನ್ನು ಎಲ್ಲಿ ಬೈದೆ? ಚಹಾ ಕುಡಿದ ಡ್ರೈವರನ್ನು ಬೈದೆ.

ಗುಂಡ್ಲುಪೇಟೆ ವಾಸಿ:
ಹಗ್ಗ ಕಟ್ಟಿದವರು ಯಾರು? ಅದೂ ಡ್ರೈವರೇ?

ಕುವೆಂಪುನಗರ ಮೇಷ್ಟ್ರು:
ಎಲ್ಲಿಂದ ಎಲ್ಲಿಗೆ ಬಂದಿರಿ. ಟೈರಿನ ಬಗ್ಗೆ ಯಾರೂ ಮಾತೇ ಆಡಲಿಲ್ಲ. 2023ರಲ್ಲಿ ಲ ಮಾನ್ ಸೇರಿದ ದೀರ್ಘ ಓಟದ ಸರಣಿ ವಿಶ್ವ ಎಂಡ್ಯೂರೆನ್ಸ್‌ನಲ್ಲಿ ಟೈರು ಬಿಸಿ ಮಾಡುವ ಒಲೆಗಳನ್ನು ನಿಷೇಧಿಸಿದರು. ತಣ್ಣನೆ ಟೈರಿನಲ್ಲಿ ಪಿಟ್‌ನಿಂದ ಹೊರಟ ಕಾರುಗಳು ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಗೋಡೆಗೆ ಹೋದವು. ಲ ಮಾನ್‌ಗೆ ಮತ್ತೆ ಒಲೆ ಬಂತು. ಒಲೆಯಲ್ಲಿ ಉಳಿಸಿದ್ದನ್ನು ಗೋಡೆಗೆ ಕೊಟ್ಟರು.

ಹೆಬ್ಬಾಳ ಲೇತ್:
ಮಾತನಾಡುವುದಿಲ್ಲ ಎಂದಿದ್ದೆ, ಆದರೆ ಇದೊಂದು ಮಾತು ಮೇಷ್ಟ್ರು ಸರಿಯಾಗಿ ಹೇಳಿದರು.

ಕೆರಗೋಡು ಎಸ್ಟೀಮ್:
ಎಲ್ಲರಿಗೂ ಧನ್ಯವಾದ. ಪಾಂಡವಪುರದವರ ಆಲೆಮನೆಗೇ ನಮ್ಮ ಚಿಕ್ಕಪ್ಪ ಕಬ್ಬು ಹಾಕುವುದು ಎಂದು ನನಗೆ ನಿನ್ನೆ ರಾತ್ರಿ ಗೊತ್ತಾಯಿತು. ಇಲ್ಲಿ ಬರೆದದ್ದನ್ನೆಲ್ಲ ಅಲ್ಲಿ ಯಾರೋ ಚಿಕ್ಕಪ್ಪನಿಗೆ ಓದಿ ಹೇಳಿದ್ದಾರೆ. ಕಾರಿನ ಕೀಲಿ ಈಗ ಚಿಕ್ಕಪ್ಪನ ಜೇಬಿನಲ್ಲಿದೆ, ಈ ವರ್ಷ ಸುಮ್ಮನಿರುವುದೇ ಆಯಿತು. ಲೇತ್ ಅಣ್ಣ, ಆ ಹೆಡ್ ಎಷ್ಟಕ್ಕೆ ತೆಗೆದುಕೊಳ್ಳುತ್ತೀರಿ?

ಪಾಂಡವಪುರ 27:
ಓದಿದ್ದು ನಾನಲ್ಲ, ನಮ್ಮಪ್ಪ.

ಹೆಬ್ಬಾಳ ಲೇತ್:
ಗೋಣಿಚೀಲದಲ್ಲಿ ಸುತ್ತಿ ತನ್ನಿ. ಬೆರಳು ಹಾಕಿ ನೋಡದೆ ಬೆಲೆ ಹೇಳುವುದಿಲ್ಲ.