ಪದಚರ್ಚೆ: ತಳದ ಮೀನೋ, ಅಡಿಮೀನೋ, ಕ್ಲೀನರೋ?

ಪ್ರಶ್ನೆ (ಉಡುಪಿಯಿಂದ)

ಎಲ್ಲರಿಗೂ ನಮಸ್ಕಾರ. ಗಿಡ ನೆಟ್ಟ ಎರಡಡಿಯ ಅಕ್ವೇರಿಯಂ ಇಡುವವರಿಗೆ ಹಂಚಲು ಒಂದು ಪುಟದ ಕನ್ನಡ ಕರಪತ್ರ ತಯಾರಾಗುತ್ತಿದೆ. ತಳದಲ್ಲೇ ಓಡಾಡುವ ಮೀನುಗಳಲ್ಲಿ ಯಾವುದನ್ನು ಯಾವುದರ ಜತೆ ಬಿಡಬಹುದು ಎಂಬುದು ವಿಷಯ. ‘ಬಾಟಮ್ ಡ್ವೆಲ್ಲರ್’ಗೆ ಒಬ್ಬರು ‘ತಳವಾಸಿ’ ಎಂದರು, ಇನ್ನೊಬ್ಬರು ‘ಅಡಿಮೀನು’ ಎಂದರು, ಅಂಗಡಿಗಳಲ್ಲಿ ‘ಕ್ಲೀನರ್ ಮೀನು’ ಎನ್ನುತ್ತಾರೆ. ‘ಸಬ್‌ಸ್ಟ್ರೇಟ್’ ಅಂದರೆ ಮರಳೇ, ಜಲ್ಲಿಯೇ? ‘ಕಂಪ್ಯಾಟಿಬಲ್’ಗೆ ‘ಹೊಂದಾಣಿಕೆಯ’ ಸಾಕೇ? ಕೋರಿ, ಕೂಲಿ ಎಂಬ ಮೀನಿನ ಹೆಸರುಗಳನ್ನು ಹಾಗೆಯೇ ಇಡಬಹುದೇ? ತಿಳಿದವರು ಹೇಳಬೇಕು.

ಉತ್ತರ (ಮಂಗಳೂರಿನಿಂದ)

ಮೊದಲು ‘ಕ್ಲೀನರ್’ ಎಂಬುದನ್ನು ದಯವಿಟ್ಟು ತೆಗೆದುಹಾಕಿ. ಇಲ್ಲಿ ತಪ್ಪು ಪದದಿಂದಲೇ ಮೀನು ಸಾಯುತ್ತದೆ. ಕ್ಲೀನರ್ ಎಂದು ಓದಿದವರು ಅದಕ್ಕೆ ಬೇರೆ ತಿಂಡಿ ಹಾಕುವುದಿಲ್ಲ, ಉಳಿದವುಗಳ ಹೇಲು ತಿಂದು ಬದುಕುತ್ತದೆ ಎಂದುಕೊಳ್ಳುತ್ತಾರೆ. ಕೋರಿಯಾಗಲಿ ಕೂಲಿಯ ಬಳಗದ ಲೋಚ್ ಮೀನಾಗಲಿ ಹೇಲು ತಿನ್ನುವುದಿಲ್ಲ. ಅವುಗಳದ್ದೇ ಕಸ ಸೇರಿ ನೀರು ಇನ್ನಷ್ಟು ಕೆಡುತ್ತದೆ. ‘ಸಕ್ಕರ್’ ಎಂಬ ಹೆಸರಿನಲ್ಲಿ ಎರಡಿಂಚಿನ ಮರಿಯಾಗಿ ಮಾರಾಟವಾಗುವ ಪ್ಲೆಕೋ ಬೆಳೆದು ಒಂದಡಿ ದಾಟುತ್ತದೆ, ಗಿಡ ಕಿತ್ತುಹಾಕುತ್ತದೆ. ಕೊನೆಗೆ ಯಾರೋ ಅದನ್ನು ಹೊಳೆಗೆ ಬಿಡುತ್ತಾರೆ. ನಮ್ಮ ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಅದು ಹೀಗೆಯೇ ನೆಲೆಯೂರಿದೆ. ಕರಪತ್ರದಲ್ಲಿ ಪ್ಲೆಕೋ ಕುರಿತ ಈ ಎಚ್ಚರಿಕೆಗೆ ಜಾಗ ಇರಲೇಬೇಕು.

‘ಅಡಿಮೀನು’ ಕಿವಿಗೆ ಚೆನ್ನಾಗಿದೆ, ಆದರೆ ಟ್ಯಾಂಕನ್ನು ಅಳೆಯುವುದೂ ಅಡಿಯಲ್ಲೇ. ‘ಎರಡು ಅಡಿ ಟ್ಯಾಂಕಿಗೆ ಆರು ಅಡಿಮೀನು’ ಎಂದು ಓದಿದವರು ಒಮ್ಮೆ ನಿಲ್ಲುತ್ತಾರೆ. ‘ತಳವಾಸಿ’ ಶಾಲೆಯ ಪಠ್ಯದ ಮಾತಿನಂತಿದೆ. ತಲೆಬರಹಕ್ಕೆ ಸರಿ, ಒಳಗೆ ಬೇಡ. ‘ತಳದ ಮೀನು’ ಸಾಕು. ಅದು ಮೀನಿರುವ ಜಾಗವನ್ನಷ್ಟೇ ಹೇಳುತ್ತದೆ, ಅದರ ತಲೆಗೆ ಯಾವ ಕೆಲಸವನ್ನೂ ಕಟ್ಟುವುದಿಲ್ಲ. ಕರಾವಳಿಯವರಿಗೆ ವಿವರಿಸಲು ಕಾಣೆ, ನಂಗು ಮೀನುಗಳ ಉದಾಹರಣೆ ಕೊಡಿ: ಹೆದರಿದಾಗ ಕಾಣೆ ಹೊಯಿಗೆಯೊಳಗೆ (ಮರಳಿನೊಳಗೆ) ಹುದುಗುವುದು, ನಂಗು ತಳಕ್ಕೆ ಅಂಟಿದಂತೆ ಬಿದ್ದುಕೊಳ್ಳುವುದು ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಮೀಸೆ ನೋಡಿ ಕೋರಿಯನ್ನು ‘ಒಂದು ಬಗೆಯ ಮುಗುಡು’ ಎಂದು ಬರೆಯಬೇಡಿ. ದೂರದ ನಂಟು ಇರುವುದು ನಿಜ, ಆದರೆ ಮುಗುಡು ಸಣ್ಣ ಮೀನನ್ನು ನುಂಗುವ ಜಾತಿ. ‘ಬೆಕ್ಕುಮೀನು’ ಬರೀ ಅನುವಾದ, ನಮ್ಮ ಮೀನು ಮಾರುಕಟ್ಟೆಯಲ್ಲಿ ಯಾರ ಬಾಯಲ್ಲೂ ಇಲ್ಲ.

ಇನ್ನು ಕೋರಿ. ತುಳುವಿನಲ್ಲಿ ಕೋರಿ ಎಂದರೆ ಕೋಳಿ. ‘ಕೋರಿ ಮೀನು’ ಎಂದು ಓದಿದವರಿಗೆ ಮೊದಲು ನೆನಪಾಗುವುದು ಕೋರಿ ರೊಟ್ಟಿ. ಮೊದಲ ಸಲ ‘ಕೋರಿಡೋರಾಸ್’ ಎಂದು ಪೂರ್ತಿ ಬರೆದು, ಆಮೇಲೆ ‘ಕೋರಿ’ ಎನ್ನಿ. ಗ್ರೀಕಿನಲ್ಲಿ ‘ಕೋರಿ’ ಶಿರಸ್ತ್ರಾಣ, ‘ಡೋರಾಸ್’ ತೊಗಲು. ಮೈಮೇಲೆ ಹುರುಪೆ ಇಲ್ಲ, ಎರಡು ಸಾಲು ಮೂಳೆಫಲಕಗಳಿವೆ; ಹೆಸರು ಅದಕ್ಕೇ. 2024ರಲ್ಲಿ ಆ ಕುಲವನ್ನು ಒಡೆದು ಹಲವು ಕುಲ ಮಾಡಿದ್ದಾರೆ, ಸ್ಟರ್ಬೈ ಎಂಬ ಕೋರಿ ಈಗ ಹೋಪ್ಲಿಸೋಮಾ ಕುಲದ್ದು. ಹಾಗಾಗಿ ವೈಜ್ಞಾನಿಕ ಹೆಸರಿನ ಬದಲು ‘ಸ್ಟರ್ಬೈ ಕೋರಿ’ ಎಂಬ ರೂಢಿಯ ಹೆಸರೇ ಬಾಳಿಕೆಯದು. ‘ಕೂಲಿ’ಯದು ಇನ್ನೂ ತೊಡಕು: ‘ಕೂಲಿ ಮೀನು’ ಎಂದರೆ ಮತ್ತೆ ಕ್ಲೀನರ್ ಅರ್ಥವೇ ಒಳಗೆ ನುಸುಳುತ್ತದೆ. ಅದು ಜಾವಾದಲ್ಲಿ ತೀರಿಕೊಂಡ ಜೀವಶಾಸ್ತ್ರಜ್ಞ ಹೈನ್ರಿಕ್ ಕೂಲ್ ಅವರ ಹೆಸರು. ‘ಕೂಲ್ಹಿ ಲೋಚ್’ ಎಂದು ಹಕಾರ ಉಳಿಸಿ ಬರೆದರೆ ತೊಡಕು ಕಳೆಯುತ್ತದೆ.

‘ಸಬ್‌ಸ್ಟ್ರೇಟ್’ಗೆ ‘ಹಾಸು’ ಎನ್ನಿ. ಹೊಯಿಗೆಯ ಹಾಸು, ಜಲ್ಲಿಯ ಹಾಸು ಎಂದು ಬೇರೆಬೇರೆ ಹೇಳಲು ಬರುತ್ತದೆ, ಮತ್ತು ಆ ಬೇರ್ಪಡಿಕೆ ಇಲ್ಲಿ ಜೀವದ ಪ್ರಶ್ನೆ. ಕೋರಿ ಉಣ್ಣುವುದನ್ನು ಹತ್ತಿರದಿಂದ ನೋಡಿ: ಮೂತಿಯನ್ನು ಕಣ್ಣಿನ ಮಟ್ಟದವರೆಗೆ ಹೊಯಿಗೆಗೆ ತೂರಿಸುತ್ತದೆ, ಬಾಯಿಗೆ ಬಂದದ್ದನ್ನು ಒಳಗೆಳೆದು ತಿನ್ನುವುದನ್ನು ಉಳಿಸಿಕೊಳ್ಳುತ್ತದೆ, ಹೊಯಿಗೆ ಕಿವಿರಿನ ಸಂದಿಯಿಂದ ಸಣ್ಣಗೆ ಉದುರುತ್ತದೆ. ಇದಕ್ಕೆ ‘ಜರಡಿ ಹಿಡಿಯುವುದು’ ಎನ್ನುವುದಕ್ಕಿಂತ ಅಕ್ಕಿಯ ಕಲ್ಲು ಗಾಳಿಸುವ ಮಾತೇ ಒಪ್ಪುತ್ತದೆ: ‘ಹೊಯಿಗೆ ಗಾಳಿಸುವ ಮೀನು’. ಚೂಪು ಜಲ್ಲಿ ಹಾಕಿದರೆ ಮೀಸೆ ತರಚುತ್ತದೆ, ಕೊಳಕು ಕೂತ ಹಾಸಿನಲ್ಲಿ ಆ ಗಾಯ ಕೊಳೆತು ಮೀಸೆಯೇ ಮೋಟಾಗುತ್ತದೆ. ಎಂ ಸ್ಯಾಂಡ್ ಕಲ್ಲು ಪುಡಿ ಮಾಡಿದ್ದು, ಕಾಳಿಗೆ ಮೂಲೆಗಳಿವೆ, ಬೇಡ. ಕಡಲ ಹೊಯಿಗೆಯಲ್ಲಿ ಉಪ್ಪೂ ಚಿಪ್ಪಿನ ಚೂರೂ ಇರುತ್ತವೆ, ಅದೂ ಬೇಡ. ಒಂದು ಮಿಲಿಮೀಟರಿಗಿಂತ ಸಣ್ಣ ಕಾಳಿನ, ಉರುಟಾದ ಹೊಳೆಹೊಯಿಗೆಯನ್ನು ನೀರು ತಿಳಿಯಾಗುವವರೆಗೆ ತೊಳೆದು 3–4 ಸೆಂಟಿಮೀಟರ್ ಹಾಸಿ; ಬೇರು ಬಿಡುವ ಗಿಡಗಳಿರುವ ಹಿಂಬದಿಗೆ ಮಾತ್ರ 6. ಸಂಶಯವಿದ್ದರೆ ಒಂದು ಚಮಚ ಹೊಯಿಗೆಗೆ ವಿನೆಗರ್ ಹನಿಸಿ. ನೊರೆ ಎದ್ದರೆ ಚಿಪ್ಪು ಬೆರೆತಿದೆ.

‘ಹೊಂದಾಣಿಕೆ’ ಒಂದೇ ಪದದಲ್ಲಿ ಮುಗಿಸಬೇಡಿ. ಓದುಗರು ಅದನ್ನು ‘ಜಗಳಾಡದ’ ಎಂದಷ್ಟೇ ತಿಳಿಯುತ್ತಾರೆ. ನೀರಿಗೆ ಒಗ್ಗುವುದು ಒಂದು, ತನ್ನ ಜಾತಿಯ ಗುಂಪು ಇರುವುದು ಇನ್ನೊಂದು, ಜಾಗ ಹಂಚಿಕೊಳ್ಳುವುದು ಮತ್ತೊಂದು. ‘ನೀರಿಗೆ ಒಗ್ಗುವ’, ‘ಗುಂಪಿನಲ್ಲಿ ಇರಬೇಕಾದ’, ‘ಜತೆಗೆ ಬಿಡಬಹುದಾದ’ ಎಂದು ಬಿಡಿಸಿ.

ನಮ್ಮಲ್ಲಿ ಕೈಕೊಡುವುದು ಮೊದಲನೆಯದು. ಏಪ್ರಿಲ್–ಮೇಯಲ್ಲಿ ಟ್ಯಾಂಕಿನ ನೀರು 30 ಡಿಗ್ರಿ ಮುಟ್ಟುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪೆಪ್ಪರ್ಡ್ ಕೋರಿ ತಂಪು ನೀರಿನದು, 18ರಿಂದ 23 ಡಿಗ್ರಿ ಅದಕ್ಕೆ ಹಿತ, ಬೇಸಗೆಯಲ್ಲಿ ಸೊರಗುತ್ತದೆ. ಎರಡೂವರೆ ಸೆಂಟಿಮೀಟರಿನ ಪಿಗ್ಮಿ ಕೋರಿಗೂ ಈ ಸೆಕೆ ಹೆಚ್ಚು. ಸ್ಟರ್ಬೈ 28ರಲ್ಲಿ ಸುಖವಾಗಿರುತ್ತದೆ, ಗಾಳಿಕಲ್ಲು (ನೀರಿಗೆ ಗಾಳಿಯ ಗುಳ್ಳೆ ಬಿಡುವ ಕಲ್ಲು) ಓಡುತ್ತಿದ್ದರೆ 30ನ್ನೂ ತಡೆದುಕೊಳ್ಳುತ್ತದೆ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ. ಕೋರಿ ಆಗೊಮ್ಮೆ ಈಗೊಮ್ಮೆ ಮೇಲಕ್ಕೆ ಹಾರಿ ಗಾಳಿ ನುಂಗುವುದು ಸಹಜ, ಮೇಲಿಂದಮೇಲೆ ಹೋಗುತ್ತಿದ್ದರೆ ಉಸಿರು ಸಾಲುತ್ತಿಲ್ಲ. ನೀರಿನ ಮೇಲೆ ಫ್ಯಾನ್ ಇಟ್ಟರೂ ಕರಾವಳಿಯ ತೇವದ ಗಾಳಿಯಲ್ಲಿ ಹೆಚ್ಚು ತಣಿಯದು.

60×30×30 ಸೆಂಟಿಮೀಟರಿನ ಟ್ಯಾಂಕಿನ ಲೆಕ್ಕ 54 ಲೀಟರ್, ಹಾಸು ಮತ್ತು ಮೇಲಿನ ಖಾಲಿ ಬಿಟ್ಟರೆ 45 ಉಳಿಯುತ್ತದೆ. ಅಷ್ಟರಲ್ಲಿ ಆರು ಸ್ಟರ್ಬೈ ಅಥವಾ ಆರು ಕೂಲ್ಹಿ ಲೋಚ್, ಎರಡರಲ್ಲಿ ಒಂದು. ‘ಎರಡೆರಡು ಎಲ್ಲ ಜಾತಿ’ ಎಂಬ ಆಸೆ ಬೇಡ; ಗುಂಪಿಲ್ಲದ ಮೀನು ಗಿಡದ ಮರೆ ಬಿಟ್ಟು ಹೊರಬರುವುದಿಲ್ಲ. ಕೂಲ್ಹಿ ರಾತ್ರಿಯ ಜೀವಿ, ದೀಪ ಆರಿದ ಮೇಲೆ ಮುಳುಗುವ ಗುಳಿಗೆ ಹಾಕಿ. ಸಣ್ಣ ಸಂದಿಯಲ್ಲೂ ನುಸುಳುತ್ತದೆ: ಫಿಲ್ಟರಿನ ಬಾಯಿಗೆ ಸ್ಪಂಜು, ಮೇಲೆ ಮುಚ್ಚಳ ಕಡ್ಡಾಯ. ಔಷಧಿಗೆ, ಉಪ್ಪಿಗೆ ಬೇಗ ನಲುಗುತ್ತದೆ. ಕೆಂಪು ಬಾಲದ ಶಾರ್ಕ್ ಎಂಬ ಅಕ್ವೇರಿಯಂ ಮೀನು ಸಣ್ಣದಿದ್ದಾಗ ಸಾಧುವಾಗಿ ಕಾಣುತ್ತದೆ, ಬೆಳೆದ ಮೇಲೆ ತಳವೆಲ್ಲ ತನ್ನದೇ ಎಂದು ಉಳಿದವನ್ನು ಅಟ್ಟುತ್ತದೆ. ಅದನ್ನು ಇವುಗಳ ಜತೆ ಬಿಡಬೇಡಿ.

ಬಾವಿನೀರಿನ ಬಗ್ಗೆ ಒಂದು ಮಾತು. ಮುರಕಲ್ಲಿನ (ಕೆಂಪುಕಲ್ಲಿನ) ನೆಲದ ಬಾವಿನೀರು ಮೆದು, ಹುಳಿ ಗುಣದ್ದು. ಈ ಮೀನುಗಳಿಗೆ ಹಿತವೇ. ಆದರೆ ತಡೆದು ನಿಲ್ಲಿಸುವ ಕಾರ್ಬೊನೇಟ್ ಇಲ್ಲದ್ದರಿಂದ ಪಿಎಚ್ 6ರ ಕೆಳಗೆ ಕುಸಿದು ಫಿಲ್ಟರಿನ ಬ್ಯಾಕ್ಟೀರಿಯಾ ಮಂದವಾಗುತ್ತದೆ. ಮರುವಾಯಿ ಚಿಪ್ಪು ಬೇಯಿಸಿ ಒಣಗಿಸಿ, ಎರಡು ಚಮಚ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನಲ್ಲಿಡಿ. ಹೆಚ್ಚಾದರೆ ಗಂಟು ತೆಗೆದರಾಯಿತು. ಹಾಸಿನಲ್ಲಿ ಬೆರೆತ ಚಿಪ್ಪನ್ನು ಹಾಗೆ ತೆಗೆಯಲಾಗದು. ತುಂಬೆ ಅಣೆಕಟ್ಟಿನಿಂದ ಮಂಗಳೂರಿಗೆ ಬರುವ ನಳ್ಳಿನೀರಾದರೆ ಕ್ಲೋರಿನ್ ತೆಗೆದೇ ಬಳಸಿ.

ಮರುಪ್ರಶ್ನೆ (ಉಡುಪಿಯಿಂದ)

ತುಂಬಾ ಉಪಕಾರವಾಯಿತು. ‘ಹೊಯಿಗೆ’ ಘಟ್ಟದ ಮೇಲಿನವರಿಗೆ ಅರ್ಥವಾದೀತೇ? ಮತ್ತೆ, ನಮ್ಮ ಹೊಳೆಯ ಪಟ್ಟೆಪಟ್ಟೆ ಲೋಚ್ ಹಾಕಬಹುದು ಎಂದು ಬರೆಯಲೇ?

ಉತ್ತರ (ಮಂಗಳೂರಿನಿಂದ)

ಮೊದಲ ಸಲ ‘ಹೊಯಿಗೆ (ಮರಳು)’ ಎಂದು ಬರೆಯಿರಿ, ಆಮೇಲೆ ಹೊಯಿಗೆಯೇ ಇರಲಿ. ಮಂಗಳೂರಿನಲ್ಲಿ ಹೊಯಿಗೆ ಬಜಾರ್ ಎಂಬ ಜಾಗವೇ ಇರುವಾಗ ಕರಾವಳಿಯ ಕರಪತ್ರದಲ್ಲಿ ಆ ಪದ ಬಿಡುವುದು ಸರಿಯಲ್ಲ. ಪಟ್ಟೆಯ ಲೋಚ್, ಅಂದರೆ ಬೋಟಿಯಾ ಸ್ಟ್ರಿಯಾಟಾ, ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಮಾತ್ರ ಇರುವ, ಅಳಿವಿನಂಚಿನ ಪಟ್ಟಿಯಲ್ಲಿರುವ ಮೀನು. ಅದಕ್ಕೆ ಗುಂಪೂ ಬೇಕು, ಹರಿಯುವ ನೀರೂ ಬೇಕು, ಎರಡಡಿ ಸಾಲದು. ‘ಹೊಳೆಯಿಂದ ಹಿಡಿದು ತರಬೇಡಿ’ ಎಂದು ಸೇರಿಸಿ. ತಳದ ಮೀನಿನ ಸಾಲು ಹೀಗಿರಲಿ: ‘ಎರಡಡಿ ಟ್ಯಾಂಕಿಗೆ ಒಂದೇ ಜಾತಿಯ ಆರು ತಳದ ಮೀನು, ಸ್ಟರ್ಬೈ ಕೋರಿ ಅಥವಾ ಕೂಲ್ಹಿ ಲೋಚ್. ಹಾಸು: ತೊಳೆದ ಹೊಳೆಹೊಯಿಗೆ. ಇವು ಟ್ಯಾಂಕ್ ತೊಳೆಯುವುದಿಲ್ಲ. ಇವಕ್ಕೂ ಪ್ರತಿದಿನ ತಿಂಡಿ ಬೇಕು.’